ಅಂಕಾರಾದ ಗೋಡೆಯ ಮೇಲಿನ ಲೆಕ್ಕಪತ್ರ

ಟರ್ಕಿಗೆ ಹೋಗಿಬಂದವರು ಇಸ್ತಾಂಬುಲ್ಲಿನ ಗುಮ್ಮಟಗಳನ್ನೂ ಕಪಡೋಕ್ಯದ ಬಲೂನುಗಳನ್ನೂ ವರ್ಣಿಸುತ್ತಾರೆ. ನಾವೂ ಇಸ್ತಾಂಬುಲ್ಲಿನಲ್ಲಿ ನಾಲ್ಕು ದಿನ ಇದ್ದೆವು. ಅದರ ಬಗ್ಗೆ ಹೊಸದಾಗಿ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ. ಐದನೆಯ ದಿನ ವೇಗದ ರೈಲು ಹತ್ತಿ ರಾಜಧಾನಿ ಅಂಕಾರಾಕ್ಕೆ ಬಂದದ್ದು ಒಂದು ಗೋಡೆಯನ್ನು ನೋಡಲು. ಗೋಡೆ ನೋಡಲು ಇಷ್ಟು ದೂರ ಬರಬೇಕೇ ಎಂದು ನನ್ನ ಪತ್ನಿ ಕೇಳಿದ ಪ್ರಶ್ನೆಗೆ ನಾನು ಅಲ್ಲಿ ತಲುಪುವವರೆಗೂ ಸರಿಯಾದ ಉತ್ತರ ಕೊಟ್ಟಿರಲಿಲ್ಲ.

ನಗರದ ಹಳೆಯ ಭಾಗವಾದ ಉಲುಸ್‌ನಲ್ಲಿ ಹಾಜಿ ಬೈರಾಂ ಮಸೀದಿಗೆ ಒತ್ತಿಕೊಂಡೇ ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ದೇವಾಲಯದ ಅವಶೇಷ ನಿಂತಿದೆ. ಗಲಾಷಿಯಾ ಎಂಬ ಈ ಸೀಮೆ ಕ್ರಿ.ಪೂ. 25ರಲ್ಲಿ ರೋಮಿನ ಪ್ರಾಂತ್ಯವಾಯಿತು. ಆ ಬಳಿಕ ರೋಮಾ ದೇವತೆಗೂ ಚಕ್ರವರ್ತಿಗೂ ಸೇರಿಸಿ ಕಟ್ಟಿದ ಗುಡಿ ಇದು. ಅಗಸ್ಟಸ್ ತನ್ನ ಸಾಧನೆಗಳನ್ನು ತಾನೇ ಬರೆದಿಟ್ಟು, ರೋಮಿನಲ್ಲಿರುವ ತನ್ನ ಸಮಾಧಿಯ ಮುಂದೆ ಕಂಚಿನ ಕಂಬಗಳ ಮೇಲೆ ಕೆತ್ತಿಸಬೇಕೆಂದು ಬಯಸಿದ್ದ. ಆ ಕಂಚು ಎಂದೋ ಕಾಣೆಯಾಯಿತು. ಅದರ ನಕಲು ಮಾತ್ರ ಇಲ್ಲಿ, ಮುಖಮಂಟಪದ ಎರಡೂ ಗೋಡೆಗಳಲ್ಲಿ ಲ್ಯಾಟಿನ್ನಿನಲ್ಲಿಯೂ ಹೊರಗೋಡೆಯಲ್ಲಿ ಗ್ರೀಕ್ ಅನುವಾದವಾಗಿಯೂ ಉಳಿಯಿತು.

ನಮಗೆ ಪ್ರವಾಸ ಗೊತ್ತುಮಾಡಿಕೊಟ್ಟವರು ಒಳಗೆ ಹೋಗಿ ಎಲ್ಲವನ್ನೂ ನೋಡಬಹುದೆಂದು ಭರವಸೆ ಕೊಟ್ಟಿದ್ದರು. ನಾವು ಹೋದಾಗ ಬೇಲಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಅದು ಶುಕ್ರವಾರವೂ ಆಗಿದ್ದರಿಂದ ಮಧ್ಯಾಹ್ನದ ಪ್ರಾರ್ಥನೆಗೆ ಬಂದವರಿಂದ ಅಂಗಳವಿಡೀ ತುಂಬಿ, ಬೇಲಿಯ ಹತ್ತಿರ ಸುಳಿಯುವುದಕ್ಕೂ ಒಂದೂವರೆ ಗಂಟೆ ಕಾಯಬೇಕಾಯಿತು. ಹೋಗುವವರು ಶುಕ್ರವಾರವನ್ನು ಬಿಟ್ಟು ಬೇರೆ ದಿನ ಹೋಗಲಿ, ದುರ್ಬೀನನ್ನೂ ಶಾಸನದ ಅನುವಾದದ ಅಚ್ಚುಪ್ರತಿಯನ್ನೂ ಕೈಯಲ್ಲಿಟ್ಟುಕೊಂಡಿರಲಿ, ಬೀಗದ ವಿಷಯವನ್ನು ಮೊದಲೇ ತಾವೇ ವಿಚಾರಿಸಿಕೊಳ್ಳಲಿ. ನನ್ನ ಬಳಿ ಅಚ್ಚುಪ್ರತಿಯೊಂದೇ ಇತ್ತು.

ಬೇಲಿಯ ಪಕ್ಕದ ಕಟ್ಟೆಯ ಮೇಲೆ ಕುಳಿತು ಅದನ್ನು ಓದಿದೆ. ನಮ್ಮ ಶಾಸನಗಳ ಪರಿಚಯವಿದ್ದವರು "ಸಮಸ್ತ ಭುವನಾಶ್ರಯ ಶ್ರೀಪೃಥ್ವೀವಲ್ಲಭ" ಎಂಬಂಥ ಬಿರುದಾವಳಿಯನ್ನು ಇಲ್ಲಿಯೂ ನಿರೀಕ್ಷಿಸುತ್ತಾರೆ. ಇಲ್ಲಿ ಉಪಮೆಯಿಲ್ಲ, ಸಿಂಹವಿಲ್ಲ, ಸೂರ್ಯನಿಲ್ಲ. ಇರುವುದು ಅಂಕಿಗಳು. ಒಂದೇ ವರ್ಷದಲ್ಲಿ ದುರಸ್ತಿ ಮಾಡಿಸಿದ ಗುಡಿಗಳು 82, ಇಟಲಿಯಲ್ಲಿ ನೆಲೆಗೊಳಿಸಿದ ಸೈನಿಕರ ವಸಾಹತುಗಳು 28, ಆಫ್ರಿಕಾದ ಮೃಗಗಳ ಬೇಟೆಯ ಪ್ರದರ್ಶನ 26 ಸಲ, ಸತ್ತ ಮೃಗಗಳು ಸುಮಾರು 3,500, ಕ್ರಿ.ಪೂ. 28ರ ಗಣತಿಯಲ್ಲಿ ಪೌರರು 40,63,000. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಕ್ಕ ತಪಾಸಣೆ ಮಾಡಿದ ನನಗೆ ಇದು ಪ್ರಶಸ್ತಿಯಾಗಿ ಕಾಣಲಿಲ್ಲ, ಖಾತೆಪುಸ್ತಕವಾಗಿ ಕಂಡಿತು. ಖಾತೆಪುಸ್ತಕ ಕೈಗೆ ಬಂದರೆ ಬರೆದದ್ದನ್ನು ಓದುವ ಮೊದಲು ಬರೆಯದೆ ಬಿಟ್ಟದ್ದನ್ನು ಹುಡುಕುವುದು ನನ್ನ ಹಳೆಯ ಚಾಳಿ.

ಮೊದಲ ನಮೂದೇ ನೋಡಿ. "ಹತ್ತೊಂಬತ್ತನೆಯ ವಯಸ್ಸಿನಲ್ಲಿ, ನನ್ನದೇ ತೀರ್ಮಾನದಿಂದ, ನನ್ನದೇ ಖರ್ಚಿನಲ್ಲಿ ಸೈನ್ಯವನ್ನು ಕಟ್ಟಿದೆ" ಎನ್ನುತ್ತಾನೆ. ಕ್ರಿ.ಪೂ. 44ರ ಮಾರ್ಚ್ 15ರಂದು ಜೂಲಿಯಸ್ ಸೀಸರನ ಕೊಲೆಯಾದಾಗ ಆತನ ಸೋದರಿಯ ಮೊಮ್ಮಗನಾದ ಈ ಹುಡುಗನಿಗೆ ಯಾವ ಹುದ್ದೆಯೂ ಇರಲಿಲ್ಲ. ಉಯಿಲಿನ ಮೂಲಕ ದತ್ತುಮಗನಾದ, ಸೀಸರನ ಹೆಸರನ್ನು ಪಡೆದ. ಸೀಸರನ ಹಳೆಯ ಸೈನಿಕರಿಗೆ ತಲಾ 500 ದಿನಾರಿಯಸ್ ಬೆಳ್ಳಿ ನಾಣ್ಯ ಕೊಟ್ಟು ತನ್ನ ಕಡೆಗೆ ಸೆಳೆದುಕೊಂಡ. ಅವರ ಸಂಬಳ ಆಗ ವರ್ಷಕ್ಕೆ 225 ದಿನಾರಿಯಸ್. ಖಾಸಗಿ ವ್ಯಕ್ತಿಯೊಬ್ಬ ಸೈನ್ಯ ಕಟ್ಟುವುದಕ್ಕೆ ರೋಮಿನ ಯಾವ ಕಾನೂನೂ ಅನುಮತಿ ಕೊಟ್ಟಿರಲಿಲ್ಲ. ಶಾಸನ ಅದನ್ನೇ ಹೆಮ್ಮೆಯಿಂದ ಮೊದಲ ಸಾಲಿನಲ್ಲಿಟ್ಟಿದೆ. ಮರುವರ್ಷ ಜನರು ತನ್ನನ್ನು ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಚುನಾಯಿತ ಅಧಿಕಾರಿ, ಮಾಡಿದರು ಎಂದೂ ಅದು ಹೇಳುತ್ತದೆ. ಅವನ ಸೈನ್ಯ ರೋಮಿನ ಮೇಲೆ ನಡೆದುಬಂದದ್ದನ್ನಾಗಲಿ, ಅವನ ದಳಪತಿಯೊಬ್ಬ ಸೆನೆಟ್ಟಿನಲ್ಲಿ ಕತ್ತಿಯ ಹಿಡಿಯನ್ನು ತೋರಿಸಿ "ನೀವು ಮಾಡದಿದ್ದರೆ ಇದು ಮಾಡುತ್ತದೆ" ಎಂದನೆಂದು ರೋಮನ್ ಚರಿತ್ರೆಕಾರ ಸುಯೆಟೋನಿಯಸ್ ದಾಖಲಿಸಿದ್ದನ್ನಾಗಲಿ ಹೇಳುವುದಿಲ್ಲ.

ನಾನು ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದುದನ್ನು ಕಂಡು ಪಕ್ಕದಲ್ಲಿದ್ದ ಯುವತಿಯೊಬ್ಬಳು, "ಅಮ್ಜಾ, ತಪ್ಪು ಸಿಕ್ಕಿತೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಮ್ಜಾ ಎಂದರೆ ತಂದೆಯ ಅಣ್ಣ ಅಥವಾ ತಮ್ಮ. ಗುರುತಿಲ್ಲದ ಹಿರಿಯರನ್ನೂ ಅಲ್ಲಿ ಹಾಗೆಯೇ ಕರೆಯುತ್ತಾರೆ. ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾಷೆಗಳನ್ನು ಓದುತ್ತಿದ್ದ ಆಕೆಯ ಬಳಿ ದುರ್ಬೀನು ಇತ್ತು. ಆ ಮಧ್ಯಾಹ್ನದ ಉಳಿದ ಹೊತ್ತೆಲ್ಲ ಅವಳೊಂದಿಗಿನ ಮಾತಿನಲ್ಲಿಯೇ ಕಳೆಯಿತು.

ತಪ್ಪು ಒಂದೂ ಸಿಕ್ಕಿಲ್ಲ, ಬಿಟ್ಟುಹೋದದ್ದು ಬಹಳ ಇದೆ ಎಂದೆ. ಮೊದಲು ಜೊತೆಗಾರನಾಗಿದ್ದು ಬಳಿಕ ಎದುರಾಳಿಯಾದ ಆಂಟನಿಯ ಹೆಸರಿಲ್ಲ, ಸೀಸರನನ್ನು ಕೊಂದವರಲ್ಲೊಬ್ಬನಾದ ಬ್ರೂಟಸ್‌ನ ಹೆಸರಿಲ್ಲ, ಕ್ಲಿಯೋಪಾತ್ರಳ ಹೆಸರೂ ಇಲ್ಲ. ಸೋತವರೆಲ್ಲ "ನನ್ನ ತಂದೆಯನ್ನು ಕೊಂದವರು", "ನಾನು ಯಾರೊಡನೆ ಯುದ್ಧ ಮಾಡಿದೆನೋ ಅವನು" ಎಂದಷ್ಟೇ ಕಾಣುತ್ತಾರೆ. ಆಂಟನಿ ಮತ್ತು ಲೆಪಿಡಸ್ ಎಂಬ ಇನ್ನೊಬ್ಬ ಸೇನಾನಿಯ ಜೊತೆ ಸೇರಿ ಕ್ರಿ.ಪೂ. 43ರಲ್ಲಿ ಕೊಲ್ಲಬೇಕಾದವರ ಪಟ್ಟಿ ಪ್ರಕಟಿಸಿದ ಸಂಗತಿಯೂ, ಹೆಸರಾಂತ ವಾಗ್ಮಿ ಸಿಸೆರೊ ಆ ಪಟ್ಟಿಗೆ ಬಲಿಯಾದದ್ದೂ ಇಲ್ಲಿ ಇಲ್ಲ. ನಿವೃತ್ತ ಸೈನಿಕರಿಗಾಗಿ ಸ್ಥಾಪಿಸಿದ ಸೇನಾ ಖಜಾನೆಗೆ ಸ್ವಂತ ಹಣ 17 ಕೋಟಿ ಸೆಸ್ಟರ್ಸ್ (ದಿನಾರಿಯಸ್‌ನ ಕಾಲುಭಾಗದ ನಾಣ್ಯ) ಕೊಟ್ಟೆನೆಂಬ ನಮೂದಿದೆ. ಅದೇ ಖಜಾನೆಗಾಗಿ ಪೌರರ ಉತ್ತರಾಧಿಕಾರದ ಆಸ್ತಿಯ ಮೇಲೆ ಶೇಕಡಾ 5 ತೆರಿಗೆ ಹಾಕಿದ ನಮೂದಿಲ್ಲ. ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ರೋಮಿನ ಮೂರು ಲೀಜನ್‌ಗಳು, ಅಂದರೆ ಸಾವಿರಾರು ಸೈನಿಕರ ಸೇನಾದಳಗಳು, ನಿರ್ನಾಮವಾದದ್ದಂತೂ ಯಾವ ಬಾಬ್ತಿನಲ್ಲಿಯೂ ಬಂದಿಲ್ಲ. ಇಂಥ ಖಾತೆ ನನ್ನ ಮೇಜಿಗೆ ಬಂದಿದ್ದರೆ ಸಹಿ ಹಾಕದೆ ಹಿಂದಿರುಗಿಸುತ್ತಿದ್ದೆ ಎಂದಾಗ ಅವಳು ನಕ್ಕಳು.

"ಮೂವತ್ತನಾಲ್ಕನೆಯ ಪರಿಚ್ಛೇದಕ್ಕೆ ಬನ್ನಿ" ಎಂದಳು. ಅಂತರ್ಯುದ್ಧಗಳನ್ನು ನಂದಿಸಿದ ಮೇಲೆ, ಕ್ರಿ.ಪೂ. 28 ಮತ್ತು 27ರಲ್ಲಿ, ರಾಜ್ಯವನ್ನು ತನ್ನ ಕೈಯಿಂದ ಸೆನೆಟ್ಟಿಗೂ ಜನರಿಗೂ ಒಪ್ಪಿಸಿದೆನೆಂದೂ, ಅದಕ್ಕಾಗಿ ಅಗಸ್ಟಸ್ ಎಂಬ ಹೆಸರು ಕೊಟ್ಟರೆಂದೂ ಅಲ್ಲಿ ಬರುತ್ತದೆ. ಒಪ್ಪಿಸಿದ್ದು ನಿಜ, ಆದರೆ ಶಾಂತವಾಗಿದ್ದ ಪ್ರಾಂತ್ಯಗಳು ಸೆನೆಟ್ಟಿಗೆ ಹೋಗಿ, ಲೀಜನ್‌ಗಳು ಬೀಡುಬಿಟ್ಟಿದ್ದ ಪ್ರಾಂತ್ಯಗಳಲ್ಲಿ ಹೆಚ್ಚಿನವು ಅವನ ಬಳಿಯೇ ಉಳಿದವು. ಧಾನ್ಯದ ಕಣಜವಾದ ಈಜಿಪ್ಟನ್ನು ಅವನದೇ ಅಧಿಕಾರಿ ನೋಡಿಕೊಳ್ಳುತ್ತಿದ್ದ. ಅನುಮತಿಯಿಲ್ಲದೆ ಸೆನೆಟರರು ಅಲ್ಲಿಗೆ ಕಾಲಿಡುವಂತಿರಲಿಲ್ಲ. ಕ್ರಿ.ಪೂ. 23ರಿಂದ ವರ್ಷವರ್ಷವೂ ಕಾನ್ಸಲ್ ಆಗುವುದನ್ನೂ ಬಿಟ್ಟು, ಜನಪ್ರತಿನಿಧಿಯಾದ ಟ್ರಿಬ್ಯೂನನ ಅಧಿಕಾರವನ್ನು ಮಾತ್ರ, ಹುದ್ದೆಯಿಲ್ಲದೆಯೇ, ಸಾಯುವವರೆಗೆ ಇಟ್ಟುಕೊಂಡ.

ಆ ಪರಿಚ್ಛೇದದ ಕೊನೆಯಲ್ಲಿ ಒಂದು ಮಾತಿದೆ: ಅಂದಿನಿಂದ ನಾನು ಎಲ್ಲರಿಗಿಂತ ಯಾವುದೋ ಒಂದರಲ್ಲಿ ಮಿಗಿಲಾಗಿದ್ದೆ, ಅಧಿಕಾರವಾದರೋ ನನ್ನ ಸಹೋದ್ಯೋಗಿಗಳಿಗಿಂತ ಹೆಚ್ಚಿರಲಿಲ್ಲ. ಆ "ಯಾವುದೋ ಒಂದು" ಎಂಬಲ್ಲಿಯೇ ಈ ಗೋಡೆಯ ಲ್ಯಾಟಿನ್ ಅಳಿಸಿಹೋಗಿದೆ. 19ನೆಯ ಶತಮಾನದ ಜರ್ಮನ್ ವಿದ್ವಾಂಸ ಥಿಯೊಡೋರ್ ಮಾಮ್ಸೆನ್ ಗ್ರೀಕ್ ಅನುವಾದದ ಆಧಾರದಿಂದ ಅದನ್ನು "ಡಿಗ್ನಿಟಾಸ್", ಅಂದರೆ ಘನತೆ, ಎಂದು ತುಂಬಿದ. 20ನೆಯ ಶತಮಾನದಲ್ಲಿ ಇದೇ ದೇಶದ ಯಾಲ್ವಾಚ್ ಪಟ್ಟಣದ ಬಳಿ ಇನ್ನೊಂದು ನಕಲಿನ ಚೂರುಗಳು ಸಿಕ್ಕಿದಾಗ, ಪದ "ಆಕ್ಟೊರಿಟಾಸ್" ಎಂದು ತಿಳಿಯಿತು.

"ಅದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತೀರಿ?" ಎಂದು ಕೇಳಿದಳು. ಪ್ರಭಾವ ಎಂದೆ, ತೆಳುವಾಯಿತು. ವರ್ಚಸ್ಸು ಎಂದೆ, ಮುಖದ ಕಳೆಯ ಮಾತಾಯಿತು. ಅಧಿಕಾರ ಎನ್ನುವಂತೆಯೇ ಇಲ್ಲ, ಏಕೆಂದರೆ ಅದು ತನಗೆ ಹೆಚ್ಚಿರಲಿಲ್ಲವೆಂದು ಅವನೇ ಹೇಳುತ್ತಾನೆ. ಅಷ್ಟರಲ್ಲಿ ಪಕ್ಕದಲ್ಲಿ ಎಳ್ಳು ಮೆತ್ತಿದ ಸಿಮಿತ್ ಎಂಬ ಬಳೆಯಾಕಾರದ ಬ್ರೆಡ್ಡನ್ನು ಮುರಿದು ತಿನ್ನುತ್ತಿದ್ದ ಪತ್ನಿ (ಆ ದೇಶದ ಅಡುಗೆಯಲ್ಲಿ ನಾವಿಬ್ಬರೂ ಮನಸಾರೆ ಮೆಚ್ಚಿದ್ದು ಅದನ್ನೂ ಬೇಳೆಯ ಸೂಪನ್ನೂ ಮಾತ್ರ), "ಯಜಮಾನಿಕೆ ಅನ್ನಿ ಅಂದ್ರೆ. ನಿಮ್ಮ ದೊಡ್ಡಪ್ಪನವರು ಯಾವ ಪಂಚಾಯಿತಿಗೆ ಆಯ್ಕೆಯಾಗಿದ್ರು? ಅವರು ಕೆಮ್ಮಿದರೆ ಊರೇ ಸುಮ್ಮನಾಗ್ತಿರಲಿಲ್ವೇ?" ಎಂದಳು. ಹುಡುಗಿ ಆ ಪದವನ್ನು ಎರಡು ಸಲ ಹೇಳಿಸಿಕೊಂಡು ತನ್ನ ಪುಸ್ತಕದಲ್ಲಿ ಟರ್ಕಿ ಅಕ್ಷರಗಳಲ್ಲಿ ಬರೆದುಕೊಂಡಳು.

ಹೊರಡುವ ಮುನ್ನ ಅವಳು ಮೂವತ್ತೊಂದನೆಯ ಪರಿಚ್ಛೇದವನ್ನು ತೋರಿಸಿದಳು. ಭಾರತದ ರಾಜರಿಂದ ತನ್ನ ಬಳಿಗೆ ಅನೇಕ ಸಲ ರಾಯಭಾರಗಳು ಬಂದವೆಂದು, ಹಿಂದೆ ಯಾವ ರೋಮನ್ ಸೇನಾನಿಯ ಬಳಿಗೂ ಹಾಗೆ ಬಂದಿರಲಿಲ್ಲವೆಂದು ಅಗಸ್ಟಸ್ ಬರೆಸಿದ್ದಾನೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವನ ಬೆಳ್ಳಿಯ ನಾಣ್ಯ ಸಿಕ್ಕಿದೆಯೆಂದು ನಾನು ಹೇಳಿದೆ. ಅವಳು ಅದನ್ನೂ ಬರೆದುಕೊಂಡಳು.

ಮರುದಿನ ಬೆಳಗಿನ ಬಸ್ಸಿಗೆ ಕಪಡೋಕ್ಯಕ್ಕೆ ಹೋಗಬೇಕಿತ್ತು. ರಾತ್ರಿ ಊಟದ ಹೊತ್ತಿಗೆ ನಾನು ಹೋಟೆಲಿನವನ ಬಳಿ ಯಾಲ್ವಾಚ್‌ಗೆ ಬಸ್ಸು ಎಷ್ಟು ಹೊತ್ತಿಗಿದೆಯೆಂದು ವಿಚಾರಿಸುತ್ತಿದ್ದುದು ಪತ್ನಿಯ ಕಿವಿಗೆ ಬಿತ್ತು. ಅವಳು ಏನೂ ಹೇಳಲಿಲ್ಲ, ಒಮ್ಮೆ ಕೆಮ್ಮಿದಳು. ನಾವು ಕಪಡೋಕ್ಯಕ್ಕೇ ಹೋದೆವು.