ಹತ್ತು ನಿಮಿಷದ ಸೇತುವೆ

ಜನವರಿಯ ಒಂದು ಭಾನುವಾರ ತಮ್ಮನ ಜೊತೆ ಅಮೆರಿಕದ ಸಿನ್ಸಿನಾಟಿಯ ರೋಬ್ಲಿಂಗ್ ಸೇತುವೆಗೆ ಹೋಗಿದ್ದೆ. ಅವನಿಗೆ ಆ ಊರಲ್ಲಿ ಕೆಲಸ. ನಾನು ಮೂರು ವಾರದ ಮಟ್ಟಿಗೆ ಬಂದವಳು. ಕೆಳಗೆ ಮಣ್ಣುಬಣ್ಣದ ಒಹಾಯೋ ನದಿ. ಈ ದಡ ಒಹಾಯೋ, ಆ ದಡ ಕೆಂಟಕಿ.

"ಈ ಚಳೀಲಿ ಇಲ್ಲೇನು ನೋಡ್ತೀಯಕ್ಕಾ?" ಅಂದ. ಲೇಖಕಿ ಟೋನಿ ಮಾರಿಸನ್ ಅವರ 'ಬಿಲವ್ಡ್' ಓದಿದ್ದಕ್ಕೆ ಅಂತ ಹೇಳೋಕೆ ಸಂಕೋಚವಾಯಿತು. ಕಾದಂಬರಿ ಓದಿ ನದಿ ನೋಡೋಕೆ ಯಾರಾದರೂ ಬರ್ತಾರಾ!

1856ರ ಜನವರಿಯಲ್ಲಿ ಈ ನದಿ ಹೆಪ್ಪುಗಟ್ಟಿತ್ತು. ಮಾರ್ಗರೆಟ್ ಗಾರ್ನರ್ ಎಂಬ ಗುಲಾಮ ಹೆಂಗಸು ಗಂಡ, ಮಕ್ಕಳ ಜೊತೆ ಮಂಜುಗಡ್ಡೆ ಮೇಲೆ ನಡೆದು ಈಚೆ ಬಂದಳು. ಒಹಾಯೋದಲ್ಲಿ ಗುಲಾಮಗಿರಿ ಇರಲಿಲ್ಲ. ಆದರೆ 1850ರ ಕಾಯ್ದೆ ಪ್ರಕಾರ, ಓಡಿಬಂದವರನ್ನು ಮಾಲೀಕ ಇಲ್ಲಿಂದಲೂ ಹಿಡಿದೊಯ್ಯಬಹುದಿತ್ತು. ಹಿಡಿಯೋಕೆ ಬಂದಾಗ ಅವಳು ತನ್ನ ಎಳೆ ಮಗಳನ್ನು ಕೊಂದಳು. ಮಗು ಮತ್ತೆ ಆ ಬಾಳಿಗೆ ಹೋಗದಿರಲಿ ಅಂತ.

1987ರ ಈ ಕಾದಂಬರಿ ಹುಟ್ಟಿದ್ದು ಆ ಘಟನೆಯಿಂದ. ಕಥೆ ಶುರುವಾಗುವುದು 1873ರಲ್ಲಿ. ಕಾನೂನಿನ ಲೆಕ್ಕದಲ್ಲಿ ಗುಲಾಮಗಿರಿ ಮುಗಿದು ಎಂಟು ವರ್ಷ. ಗಾರ್ನರ್ ಹಾಗೇ ಮಗಳನ್ನು ಕೊಂದ ಕಥಾನಾಯಕಿ ಸೆಥ ಇರುವ ಮನೆಯ ನಂಬರ್ 124. ಒಂದು, ಎರಡು, ನಾಲ್ಕು. ಮೂರು ಇಲ್ಲ, ಸೆಥಳ ಮೂರನೆಯ ಮಗುವೂ ಇಲ್ಲ. ಅಕೌಂಟ್ಸ್ ಕೆಲಸದವಳು ನಾನು, ಆದರೂ ಮೊದಲ ಸಲ ಓದಿದಾಗ ಹೊಳೆಯಲೇ ಇಲ್ಲ.

ಕಾಲೇಜಿನಲ್ಲಿ ಸಂಕೇತ ಅಂದರೆ ನಮಗೆ ಐದು ಮಾರ್ಕಿನ ಪ್ರಶ್ನೆ. ಇಲ್ಲಿ ಹಾಗಲ್ಲ. ಸೆಥಳ ಬೆನ್ನ ಮೇಲೆ ಚಾವಟಿ ಏಟಿನ ಗಾಯ ಒಣಗಿ ಮರದಂತೆ ಕೊಂಬೆ ಚಾಚಿದೆ. ಅದನ್ನು ಮರ ಅಂದಿದ್ದು ದಾರಿಯಲ್ಲಿ ಸಿಕ್ಕ ಒಬ್ಬ ಬಿಳಿಯ ಹುಡುಗಿ. ಸೆಥ ಅದನ್ನು ಒಮ್ಮೆಯೂ ನೋಡಿಲ್ಲ, ಅಲ್ಲಿನ ಚರ್ಮಕ್ಕೆ ಸ್ಪರ್ಶವೂ ತಿಳಿಯದು. ತನ್ನ ಮೈಮೇಲಿನ ಗುರುತನ್ನು ಬೇರೆಯವರ ಬಾಯಿಂದಲೇ ಕೇಳಬೇಕು. ಸೆಥ ಜೊತೆ ಗುಲಾಮನಾಗಿದ್ದ ಪಾಲ್ ಡಿ ಎದೆಯಲ್ಲಿ ತುಕ್ಕು ಹಿಡಿದ ಹೊಗೆಸೊಪ್ಪಿನ ಡಬ್ಬಿ, ಹಳೆಯದೆಲ್ಲ ಅದರೊಳಗೆ. ಮುಚ್ಚಳ ತೆಗೆಯುವ ಹಾಗಿಲ್ಲ. ನನ್ನನ್ನು ಜಾಸ್ತಿ ಕಾಡಿದ್ದು ಮಾತ್ರ ಬಣ್ಣಗಳು. ಸೆಥಳ ಅತ್ತೆ ಹಾಸಿಗೆ ಹಿಡಿದಾಗ ಕೇಳುವುದು ಔಷಧಿಯಲ್ಲ, ಬಣ್ಣ. ಮೊದಲು ನೀಲಿ, ಆಮೇಲೆ ಹಳದಿ. ಸೆಥಳಿಗೋ ಮಗಳ ಸಮಾಧಿ ಕಲ್ಲಿನ ಗುಲಾಬಿ ಚುಕ್ಕೆಗಳೇ ಕೊನೆಯ ಬಣ್ಣ, ಅಲ್ಲಿಂದಾಚೆ ಯಾವುದೂ ಕಣ್ಣಿಗೆ ಬಿದ್ದಿಲ್ಲ. ಈ ಸಾಲುಗಳನ್ನು ನಾನು ಮೊದಲು ಸುಮ್ನೆ ದಾಟಿಕೊಂಡು ಹೋಗಿದ್ದೆ.

ನೆನಪು ತಲೆಯಲ್ಲಷ್ಟೇ ಇರಲ್ಲ, ಆ ಜಾಗದಲ್ಲೇ ನಿಂತಿರುತ್ತೆ, ಸಂಬಂಧವೇ ಇಲ್ಲದವರಿಗೂ ಎದುರಾಗಬಹುದು ಅಂತ ಸೆಥ ನಂಬಿದ್ದಾಳೆ. ನನಗೆ ಅಲ್ಲಿ ಏನೂ ಎದುರಾಗಲಿಲ್ಲ, ನಿಜ ಹೇಳಬೇಕಲ್ವಾ. ಗಾಳಿಗೆ ಕಿವಿ ನೋಯುತ್ತಿತ್ತು, ಅಷ್ಟೇ.

ಕೆಂಟಕಿ ದಡ ಮುಟ್ಟಿದಾಗ ತಮ್ಮ ವಾಚ್ ನೋಡಿದ. "ಹತ್ತೇ ನಿಮಿಷ!"

ಆಗ ಹೇಳಿದೆ. ಆ ಸಮಾಧಿ ಕಲ್ಲಿನ ಮೇಲೆ 'Beloved' ಅಂತ ಏಳು ಇಂಗ್ಲಿಷ್ ಅಕ್ಷರ ಕೆತ್ತಿಸೋಕೆ ಸೆಥ ಹತ್ರ ದುಡ್ಡಿರಲಿಲ್ಲ. ಕೆತ್ತುವವನು ಅವಳ ಮೈಯನ್ನೇ ಕೇಳಿದ, ಹತ್ತು ನಿಮಿಷಕ್ಕೆ. ಇನ್ನೂ ಹತ್ತು ನಿಮಿಷ ಕೊಟ್ಟಿದ್ದರೆ ಇನ್ನೊಂದು ಪದವೂ ಸಿಗುತ್ತಿತ್ತೇನೋ ಅಂತ ಅವಳು ಆಮೇಲೆ ಲೆಕ್ಕ ಹಾಕುತ್ತಾಳೆ.

ತಮ್ಮ ಮಾತಾಡಲಿಲ್ಲ. ಕಾರು ಆಚೆ ದಡದಲ್ಲಿತ್ತು. ವಾಪಸ್ ನಡೆದೆವು. ಈ ಸಲ ಯಾರೂ ವಾಚ್ ನೋಡಲಿಲ್ಲ.