ಬಾಯಾದಲ್ಲಿ ಐದು ಮೀಟರ್ ಕೆಳಗೆ

ಕಡಲಡಿ ಮುಳುಗಿದ ರೋಮನ್ ಊರು ನೋಡಲು ಇಟಲಿಯ ಬಾಯಾಕ್ಕೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹಿಂದಿನ ದಿನ ಜೋರು ಗಾಳಿಯಿದ್ದರೆ ಗಾಜಿನ ತಳದ ದೋಣಿ ಹತ್ತಬೇಡಿ. ತಾಸುಗಟ್ಟಲೆ ಬಗ್ಗಿ ಕೂತು ನಾನು ಕಂಡಿದ್ದು ಕದಡಿದ ಹಸಿರು ನೀರು ಮಾತ್ರ. ಏನೂ ಕಾಣುವುದಿಲ್ಲವೆಂದು ಟಿಕೆಟ್ ಕೊಟ್ಟವರಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ದುಡ್ಡೂ ವಾಪಸ್ ಬರಲಿಲ್ಲ. ಆ ಸಿಟ್ಟಿನಲ್ಲೇ ಊರಲ್ಲಿ ಉಳಿದು ಮರುದಿನ ಬೆಳಿಗ್ಗೆ ಸ್ಕೂಬಾಗೆ ಹೆಸರು ಕೊಟ್ಟೆ. ನೇತ್ರಾಣಿಯಲ್ಲಿ ಎರಡು ಸಲ ಮುಳುಗಿದ ಅಭ್ಯಾಸವಿತ್ತು. ಇಲ್ಲಿ ಆಳ ಐದೇ ಮೀಟರ್, ಆದರೆ ಪರವಾನಗಿ ಇರುವ ಗೈಡ್ ಜೊತೆಗಿರಲೇಬೇಕು.

ಬಾಯಾ ಇರುವುದು ನೇಪಲ್ಸ್‌ನ ಪಶ್ಚಿಮಕ್ಕೆ, ಕಾಂಪಿ ಫ್ಲೆಗ್ರೆಯಿ ಎಂಬ ಜ್ವಾಲಾಮುಖಿ ಸೀಮೆಯಲ್ಲಿ. ಬಿಸಿನೀರಿನ ಬುಗ್ಗೆಗಳಿಗಾಗಿ ರೋಮನ್ ಶ್ರೀಮಂತರು ಇಲ್ಲಿ ಕಡಲಿಗೆ ಒತ್ತಿ ಬಂಗಲೆ ಕಟ್ಟಿದರು. ಈ ಊರಿನ ಭೋಗವನ್ನು ಕಂಡು ರೋಮನ್ ತತ್ವಜ್ಞಾನಿ ಸೆನೆಕ ಮೂಗು ಮುರಿದಿದ್ದ. ಚಕ್ರವರ್ತಿ ಹೇಡ್ರಿಯನ್ ಕ್ರಿ.ಶ. 138ರಲ್ಲಿ ತೀರಿಕೊಂಡದ್ದೂ ಇಲ್ಲೇ. ಆಮೇಲೆ ನೆಲ ನಿಧಾನವಾಗಿ ಕುಸಿದು ದಡದ ಊರೆಲ್ಲ ನೀರಿನಡಿ ಸೇರಿತು. 2002ರಿಂದ ಅದು ಸಂರಕ್ಷಿತ ಜಲೋದ್ಯಾನ.

ಮೊದಲು ಕ್ಲಾಡಿಯಸ್ ಚಕ್ರವರ್ತಿಯ ಭೋಜನಶಾಲೆಗೆ ಹೋದೆವು. ಸುತ್ತ ಶಿಲ್ಪಗಳು: ಗ್ರೀಕ್ ಕಥೆಗಳ ವೀರ ಯುಲಿಸಿಸ್, ದ್ರಾಕ್ಷಾರಸದ ತೊಗಲುಚೀಲ ಹಿಡಿದ ಅವನ ಜೊತೆಗಾರ, ದ್ರಾಕ್ಷಾರಸದ ದೇವರು ಡಯೊನೈಸಸ್. ಅಲ್ಲಿ ನಿಲ್ಲಿಸಿರುವುದು ಪ್ರತಿಕೃತಿಗಳು, ಮೂಲ ಶಿಲ್ಪಗಳು ಗುಡ್ಡದ ಮೇಲಿನ ಕೋಟೆಯ ಮ್ಯೂಸಿಯಮ್‌ನಲ್ಲಿವೆ. ಕಾಪಾಡಲು ಬೇರೆ ದಾರಿಯಿಲ್ಲ, ಒಪ್ಪುತ್ತೇನೆ. ಆದರೂ ನನ್ನ ಮನಸ್ಸು ಅಲ್ಲಿ ನಿಲ್ಲಲಿಲ್ಲ.

ನಿಂತದ್ದು ಇನ್ನೊಂದು ಕಡೆ. ಮೊಣಕಾಲೆತ್ತರ ಉಳಿದ ಗೋಡೆಗಳ ನಡುವೆ ಬರೀ ಮರಳು. ಗೈಡ್ ಅದರ ಮೇಲೆ ತೇಲುತ್ತ, ನೆಲ ಮುಟ್ಟದೆ, ಅಂಗೈಯನ್ನು ಬೀಸಣಿಗೆಯಂತೆ ಆಡಿಸಿದರು. ಮರಳು ಹೊಗೆಯಂತೆ ಎದ್ದಿತು. ಅದು ತಿಳಿಯಾದಾಗ ಕಪ್ಪು ಬಿಳಿ ಕಲ್ಲುಚೂರುಗಳ ಷಟ್ಕೋನಗಳು, ಒಂದರ ಪಕ್ಕ ಒಂದು. ಒಂದೆರಡು ಚೂರು ಕಿತ್ತುಹೋಗಿದ್ದವು, ಅಷ್ಟೇ. ನಾನು ಉಸಿರು ಬಿಡುವುದನ್ನೇ ತಡೆದೆ, ಗುಳ್ಳೆಗಳು ಏನಾದರೂ ಮಾಡಿಯಾವು ಎಂಬಂತೆ. ಯಾರೋ ಬರಿಗಾಲಲ್ಲಿ ಓಡಾಡಿದ ನಡುಮನೆ. ಬೆರಳುದ್ದದ ಮೀನುಗಳು ಕೆದಕಿದ ಮರಳಿನಲ್ಲಿ ತಿಂಡಿ ಹುಡುಕುತ್ತ ಬಂದವು.

ಆಮೇಲೆ ಅವರು ಹಿಡಿಹಿಡಿಯಾಗಿ ಮರಳು ತಂದು ಅದನ್ನು ಮತ್ತೆ ಮುಚ್ಚಿದರು. ಹೊಲಿಗೆ ಹಾಕುವವರ ತಾಳ್ಮೆ ಅದರಲ್ಲಿತ್ತು. ಮೂಲೆಯೊಂದು ಇಣುಕುತ್ತಿತ್ತು, ತಿರುಗಿ ಬಂದು ಅದನ್ನೂ ಮುಚ್ಚಿದರು. ಬಿಟ್ಟರೆ ಪಾಚಿ ಹಿಡಿಯುತ್ತದೆ, ಕಲ್ಲು ಕೊರೆಯುವ ಜೀವಿಗಳು ಸೇರುತ್ತವೆ.

ದೋಣಿಯಲ್ಲಿ ಕೇಳಿದೆ, "ದಿನಾ ಹೀಗೆ ಮುಚ್ಚುತ್ತೀರಾ?"

"ಪ್ರತಿ ಸಲವೂ. ನಮ್ಮಮ್ಮ ಮನೆ ಬಿಡುವಾಗ ಮಂಚಕ್ಕೆ ಬಟ್ಟೆ ಹೊದಿಸಿ ಬಂದಿದ್ದರಂತೆ" ಎಂದರು.

ಅವರ ಮನೆ ಇದ್ದದ್ದು ಪಕ್ಕದ ಊರು ಪೊಟ್ಸುವೋಲಿಯ ರಿಯೊನೆ ತೆರ್ರಾ ಎಂಬ ಕೇರಿಯಲ್ಲಿ. ಭೂಮಿಯೊಳಗಿನ ಒತ್ತಡಕ್ಕೆ ನೆಲ ಉಬ್ಬತೊಡಗಿದಾಗ, 1970ರ ಮಾರ್ಚ್ 2ರಂದು ಇಡೀ ಕೇರಿಯನ್ನೇ ಖಾಲಿ ಮಾಡಿಸಿದರು. ಇವರಾಗ ಕಂಕುಳ ಕೂಸು. ವಾಪಸ್ ಹೋಗಲಾಗಲಿಲ್ಲ. 1982ರಿಂದ 84ರ ನಡುವೆ ನೆಲ ಮತ್ತೆ ಸುಮಾರು 1.8 ಮೀಟರ್ ಎದ್ದಿತು, ಸಾವಿರಾರು ಜನ ಮನೆ ಬಿಟ್ಟರು. 2005ರಿಂದ ಮತ್ತೆ ಏರುತ್ತಿದೆ, ಒಂದು ಮೀಟರ್ ದಾಟಿದೆ. ಹಿಂದೆ ಬಂಗಲೆಗಳನ್ನು ನುಂಗಿದ್ದ ಕಡಲು ಈಗ ಬಂದರಿನಲ್ಲಿ ಹಿಂದೆ ಸರಿಯುತ್ತಿದೆ. ನೆಲದ ಈ ನಿಧಾನದ ಏರಿಳಿತವನ್ನು ಇಲ್ಲಿಯವರು ಬ್ರಾಡಿಸಿಸ್ಮೊ ಎನ್ನುತ್ತಾರೆ, ನಮ್ಮಲ್ಲಿ ಮಳೆ ಎಂದಷ್ಟು ಸಲೀಸಾಗಿ.

"ಹಾಗಾದರೆ ಆ ನೆಲ ಒಂದು ದಿನ ಮೇಲೆ ಬರುತ್ತದಾ?"

ತುಂಬ ಹೊತ್ತು ಸುಮ್ಮನಿದ್ದರು. "ಬೇಡ. ಅದು ಕೆಳಗೇ ಇರಲಿ. ಅಮ್ಮ ಈಗಲೂ ಬಂದರಿಗೆ ಹೋಗಿ ನೀರಿನಿಂದ ಮೇಲೆ ಬಂದ ಮೆಟ್ಟಿಲು ಎಣಿಸುತ್ತಾರೆ."

ಸಂಜೆ ಪೊಟ್ಸುವೋಲಿಗೆ ಹೋದೆ. ರೋಮನ್ ಮಾರುಕಟ್ಟೆಯ ಮೂರು ಅಮೃತಶಿಲೆಯ ಕಂಬಗಳನ್ನು ಕಟಕಟೆಯಾಚೆಯಿಂದ ನೋಡಿದೆ. ಕಡಲ ಮೃದ್ವಂಗಿಗಳು ಕೊರೆದ ತೂತುಗಳ ಪಟ್ಟಿ ನನ್ನ ತಲೆಗಿಂತ ಎಷ್ಟೋ ಮೇಲಿತ್ತು. ಆಮೇಲೆ ಬಂದರಿಗೆ ಇಳಿದು ಎಣಿಸಿದೆ. ಪಾಚಿ ಒಣಗಿ ಬಿಳಿಚಿಕೊಂಡ ಮೆಟ್ಟಿಲು ಮೂರು. ನಾಲ್ಕನೆಯದು ಇನ್ನೂ ಒದ್ದೆಯಾಗಿತ್ತು.