ಮೇವಿಗೆಂದು ಬಿಟ್ಟ ಅಜೋಲಾ

ಬೆಳಗಿನ ಐದೂವರೆ. ಕೊಳದ ಏರಿ ಹತ್ತುವ ಮೊದಲೇ ಸದ್ದು ಕೇಳಿಸಿತು, ಚಪ್ ಚಪ್ ಅಂತ. ನೀರೆಲ್ಲ ಹಸಿರು ಕಂಬಳಿ ಹೊದ್ದುಕೊಂಡಿತ್ತು. ಒಂದು ಮೂಲೆಯಲ್ಲಿ ಮಾತ್ರ ಆ ಕಂಬಳಿ ಹರಿದಿತ್ತು. ಅಲ್ಲಿ ಮೀನುಗಳು ಒತ್ತಾಗಿ ಸೇರಿ, ಬಾಯಿ ಮೇಲೆತ್ತಿ ಗಾಳಿಗೆ ಹಪಹಪಿಸುತ್ತಿದ್ದವು.

ತಪ್ಪು ನನ್ನದೇ. ಹಿಂಡಿ, ತೌಡಿನ ಖರ್ಚು ಉಳಿಸೋಣ ಅಂತ ಮೂರು ವಾರದ ಹಿಂದೆ ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಗಿಡ ಅಜೋಲಾವನ್ನು ನಾಲ್ಕು ಬುಟ್ಟಿ ತಂದು ಸೀದಾ ಕೊಳಕ್ಕೇ ಸುರಿದಿದ್ದೆ. ಅದು ತಾನಾಗಿ ಬೆಳೆಯುತ್ತದೆ, ಮೀನು ತಾನಾಗಿ ತಿನ್ನುತ್ತದೆ, ನನಗೇನು ಕೆಲಸ? ಬೆಳೆಯುವುದೇನೋ ಬೆಳೆಯಿತು. ಅಜೋಲಾದ ಎಲೆಯೊಳಗೆ ಒಂದು ಸೂಕ್ಷ್ಮಜೀವಿ ಇರುತ್ತದೆ. ಅದು ಗಾಳಿಯ ಸಾರಜನಕವನ್ನೇ ಹಿಡಿದು ಗಿಡಕ್ಕೆ ಕೊಡುತ್ತದೆ. ಹಾಗಾಗಿ ಅದಕ್ಕೆ ಗೊಬ್ಬರದ ಹಂಗು ಕಡಿಮೆ. ತಿನ್ನುವವರು ಮಾತ್ರ ಕಡಿಮೆ ಇದ್ದರು. ನನ್ನ ಕೊಳದಲ್ಲಿ ಜಾಸ್ತಿ ಇದ್ದದ್ದು ಕಾಟ್ಲಾ. ಅದು ನೀರು ಸೋಸಿ ಸಣ್ಣ ಜೀವಿಗಳನ್ನು ತಿನ್ನುವ ಮೀನು, ಸೊಪ್ಪು ಮೇಯುವುದಲ್ಲ. ಸೊಪ್ಪು ಮೇಯುವ ಹುಲ್ಲುಗೆಂಡೆ (ಗ್ರಾಸ್ ಕಾರ್ಪ್) ಮೀನುಗಳು ಬೆರಳೆಣಿಕೆಯಷ್ಟು.

ಮೇಲೆ ಪದರ ಕಟ್ಟಿದ ಮೇಲೆ ಕೆಳಗೆ ಬಿಸಿಲು ಇಳಿಯಲಿಲ್ಲ. ನೀರಿನೊಳಗಿನ ಪಾಚಿ ಆಮ್ಲಜನಕ ಮಾಡಲಿಲ್ಲ. ಮೇಲಿನ ಗಾಳಿಯೂ ನೀರಿಗೆ ಸೇರಲಿಲ್ಲ. ರಾತ್ರಿಯಿಡೀ ಎಲ್ಲ ಜೀವಿಗಳೂ ಉಸಿರಾಡಿ ಉಸಿರಾಡಿ, ಬೆಳಗಿನ ಜಾವಕ್ಕೆ ಇದ್ದದ್ದೂ ಖಾಲಿ.

ಪಂಪು ಹಾಕಿ ಹೊಸ ನೀರನ್ನು ಎತ್ತರದಿಂದ ಬೀಳಿಸಿದೆವು. ಬಲೆ ಎಳೆದು ಅಜೋಲಾ ದಂಡೆಗೆ ರಾಶಿ ಹಾಕಿದೆವು. ಒದ್ದೆ ಅಜೋಲಾ ಎಷ್ಟು ಭಾರ ಅಂತೀರಿ! ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ. ಹತ್ತು ಕಿಲೋ ಒಣಗಿಸಿದರೆ ಒಂದು ಕಿಲೋನೂ ಸಿಗುವುದಿಲ್ಲ. ಒಣಗಿದ್ದರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನ್ ಇದೆ ನಿಜ, ಆದರೆ ಬುಟ್ಟಿ ನೋಡಿ ಮೇವು ಲೆಕ್ಕ ಹಾಕಿದ್ದು ಮೂರ್ಖತನ, ಅಲ್ವಾ? ಹತ್ತು ಗಂಟೆ ಹೊತ್ತಿಗೆ ಮೀನು ಕೆಳಗಿಳಿದವು. ಏಳು ಸತ್ತಿದ್ದವು, ಎಲ್ಲ ದೊಡ್ಡವು.

ಈಗ ಅಜೋಲಾಕ್ಕೆ ಬೇರೆ ತೊಟ್ಟಿ. ಹುಲ್ಲುಗೆಂಡೆ ಮರಿ ಇನ್ನಷ್ಟು ಬಿಟ್ಟಿದ್ದೇನೆ. ಅವು ಗಂಟಲಿನ ಹಲ್ಲಿನಲ್ಲಿ ಸೊಪ್ಪು ಅರೆಯುತ್ತವೆ. ಅರ್ಧಂಬರ್ಧ ಜೀರ್ಣವಾಗಿ ಹೊರಬಿದ್ದದ್ದೇ ನೀರಿಗೆ ಗೊಬ್ಬರ. ಅದರಿಂದ ಹುಟ್ಟುವ ಸಣ್ಣ ಜೀವಿಗಳು ಕಾಟ್ಲಾಗೆ ಊಟ. ಸೊಪ್ಪು ಕಾಟ್ಲಾದ ಹೊಟ್ಟೆಗೆ ಹೋಗುವ ದಾರಿ ಹೀಗೆ ಸುತ್ತುಬಳಸು. ಹಿಂಡಿ, ತೌಡು ಪೂರ್ತಿ ನಿಲ್ಲಿಸಿಲ್ಲ, ಸ್ವಲ್ಪ ಇಳಿಸಿದ್ದೇನೆ ಅಷ್ಟೆ.

ಪೈಪು ಜೋಡಿಸಿ ಮಾಡಿದ ಚೌಕಟ್ಟೊಂದು ಕೊಳದಲ್ಲಿ ತೇಲುತ್ತಿದೆ. ಸಂಜೆ ಅದರೊಳಗೆ ಒಂದು ಬುಟ್ಟಿ ಅಜೋಲಾ ಸುರಿಯುತ್ತೇನೆ. ಬೆಳಿಗ್ಗೆ ಎದ್ದು ಮೊದಲು ನೋಡುವುದು ಅದನ್ನೇ. ಹಸಿರು ಉಳಿದಿದ್ದರೆ ಅವತ್ತು ತೊಟ್ಟಿ ಕಡೆ ಹೋಗುವುದಿಲ್ಲ.